ದೂರದ ಪಾಠ ಮತ್ತು ಪದವಿಯ ಅಧಿಕಾರ: ಎಂಜಿನಿಯರಿಂಗ್ ಶಿಕ್ಷಣದ ಇತಿಹಾಸದಲ್ಲಿ ಒಂದು ವಿಚಾರ

ಎಂಜಿನಿಯರಿಂಗ್, ವಿಜ್ಞಾನ ಮತ್ತು ಕಂಪ್ಯೂಟರ್ ಶಾಸ್ತ್ರಗಳ ಸ್ನಾತಕ ಪಾಠಗಳನ್ನು ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಕಲಿಯುವ ಕ್ರಮವು ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಹುಟ್ಟಿದ ಸಂಪೂರ್ಣ ನೂತನ ವಸ್ತುವೆಂದು ಬಗೆಯುವುದು ವಾಡಿಕೆಯಾಗಿದೆ. ಉಪಕರಣದ ಮಟ್ಟಿಗೆ ಈ ಮಾತು ಸತ್ಯ. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದಾಗ ಇಲ್ಲಿ ಎರಡು ಭಿನ್ನ ಕ್ರಿಯೆಗಳು ಬೆರೆತುಹೋಗಿರುವುದು ಕಾಣುತ್ತದೆ. ಒಂದು, ಪಾಠ ಹೇಳುವುದು. ಇನ್ನೊಂದು, ಕಲಿತವನಿಗೆ ಪದವಿ ಕೊಡುವುದು. ಪಾಠವು ದೂರಕ್ಕೆ ಪ್ರಯಾಣ ಮಾಡಲು ಒಂದೊಂದು ಕಾಲದಲ್ಲಿಯೂ ಒಂದೊಂದು ವಾಹನ ದೊರೆತಿದೆ: ಅಂಚೆ, ಬಾನುಲಿ, ದೂರದರ್ಶನ, ಉಪಗ್ರಹ, ಕೊನೆಗೆ ಅಂತರ್ಜಾಲ. ಪದವಿ ಮಾತ್ರ ಅಷ್ಟು ಸುಲಭವಾಗಿ ತನ್ನ ಸ್ಥಳವನ್ನು ಬಿಟ್ಟು ಕದಲಿಲ್ಲ. ಇವೆರಡರ ನಡುವಣ ಅಂತರವನ್ನು ಮುಖ್ಯವಾಗಿ ಭಾರತದ ನಿದರ್ಶನದಿಂದ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅಂತರದ ಮೂಲವನ್ನು ಅರಸುತ್ತ ನಾವು ಲಂಡನ್ನಿನವರೆಗೆ ಹೋಗಬೇಕಾಗುತ್ತದೆ. ೧೮೩೬ರಲ್ಲಿ ಸ್ಥಾಪಿತವಾದ ಲಂಡನ್ ವಿಶ್ವವಿದ್ಯಾನಿಲಯವು ತಾನೇ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಕಾಲೇಜುಗಳ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಪದವಿ ಕೊಡುವುದೇ ಅದರ ಕಾರ್ಯ. ೧೮೫೮ರ ಸನ್ನದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಗೀಕೃತ ಕಾಲೇಜುಗಳಲ್ಲಿ ಓದದವರೂ ಪರೀಕ್ಷೆಗೆ ಕೂಡಬಹುದೆಂದು ವಿಧಿಸಿತು. ವೈದ್ಯಕೀಯಕ್ಕೆ ಮಾತ್ರ ಈ ರಿಯಾಯಿತಿ ದೊರೆಯಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಕೈಯಿಂದ ಕಲಿಯಬೇಕಾದ ವಿದ್ಯೆಯನ್ನು ಪುಸ್ತಕದಿಂದ ಕಲಿಯಬಹುದಾದ ವಿದ್ಯೆಯಿಂದ ಪ್ರತ್ಯೇಕಿಸುವ ಗೆರೆ ಆಗಲೇ ಬಿದ್ದಿತ್ತು. ೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಗಳು, ಬರಿಯ ಪರೀಕ್ಷಾಸಂಸ್ಥೆಯಾಗಿದ್ದ ಈ ಲಂಡನ್ ಮಾದರಿಯನ್ನೇ ಅನುಸರಿಸಿದವು. ಬೋಧನೆ ಕಾಲೇಜಿನದು, ಪದವಿ ವಿಶ್ವವಿದ್ಯಾನಿಲಯದ್ದು ಎಂಬ ವಿಭಜನೆ ನಮಗೆ ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ, ಅದು ಒಂದು ಕಾಲದ ಆಯ್ಕೆಯೆಂಬುದೇ ಮರೆತುಹೋಗಿದೆ.

ಇಪ್ಪತ್ತನೆಯ ಶತಮಾನದ ಪ್ರಯತ್ನಗಳಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಗಮನಾರ್ಹವಾದುದು. ೧೯೬೯ರಲ್ಲಿ ಸನ್ನದು ಪಡೆದು ೧೯೭೧ರಲ್ಲಿ ಪಾಠ ಆರಂಭಿಸಿದ ಈ ಸಂಸ್ಥೆ ವಿಜ್ಞಾನದ ವಿದ್ಯಾರ್ಥಿಗಳ ಮನೆಗೇ ಪ್ರಯೋಗಸಾಮಗ್ರಿಯ ಪೆಟ್ಟಿಗೆಗಳನ್ನು ಕಳುಹಿಸಿತು. ಅಂಗೈಯಲ್ಲಿ ಹಿಡಿಯಬಹುದಾದ ಸೂಕ್ಷ್ಮದರ್ಶಕವನ್ನೂ ಒದಗಿಸಿತು. ಸಾಲದೆಂದು ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ಒಂದೆಡೆ ಕೂಡಿಸಿ ಪ್ರಯೋಗ ಮಾಡಿಸಿತು. ನಮ್ಮಲ್ಲಿ ೧೯೬೨ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವೂ ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆಯ ಮೂಲಕ ಪಾಠ ಆರಂಭಿಸಿದಾಗ, ಮುಖ್ಯವಾಗಿ ಅಂಚೆಯ ಚೀಲದಲ್ಲಿ ಹಿಡಿಸುವ ವಿಷಯಗಳನ್ನೇ ಆರಿಸಿಕೊಂಡವು.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಪಾಠವು ಆಕಾಶಮಾರ್ಗ ಹಿಡಿದದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ನಾಡಿನ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದು ಆಡಳಿತದ ಕೆಳಗೆ ತಂದಿತು. ಇನ್ಸಾಟ್-೩ಬಿ ಉಪಗ್ರಹದ ಮೂಲಕ ಬೋಧನೆಯ ಪ್ರಾಯೋಗಿಕ ಹಂತ ನಡೆದಾಗ ಅದರಲ್ಲಿ ಸೇರಿದ್ದ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಇದೂ ಒಂದು. ತರುವಾಯ ೨೦೦೪ರ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕೆಂದೇ ನಿರ್ಮಿತವಾದ ಎಜುಸ್ಯಾಟ್ ಶ್ರೀಹರಿಕೋಟದಿಂದ ಮೇಲೇರಿತು. ಸ್ಟುಡಿಯೋದಲ್ಲಿ ಅಧ್ಯಾಪಕರು ಮಾತನಾಡುವ ಗಳಿಗೆಯಲ್ಲಿಯೇ ದೂರದ ಕಾಲೇಜಿನ ಕೊಠಡಿಯಲ್ಲಿ ವಿದ್ಯಾರ್ಥಿಗಳು ಕೂಡಿರಬೇಕಾಗಿತ್ತು. ಪ್ರಶ್ನೆ ಕೇಳಲು ಅವಕಾಶವಿತ್ತು. ಅಂದರೆ ಪಾಠದ ಮಾರ್ಗ ಬದಲಾದರೂ ತರಗತಿಯ ಗಂಟೆ ಬದಲಾಗಲಿಲ್ಲ. ೨೦೧೦ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಅಷ್ಟರಲ್ಲಿ ಪಾಠಕ್ಕೆ ಇನ್ನೊಂದು ದಾರಿ ತೆರೆದಿತ್ತು.

೨೦೦೧ರ ಏಪ್ರಿಲ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಅಂತರ್ಜಾಲದಲ್ಲಿ ಸರ್ವರಿಗೂ ಉಚಿತವಾಗಿ ಒದಗಿಸುವುದಾಗಿ ಸಾರಿತು. ಅದರಿಂದ ಪದವಿ ದೊರೆಯುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಇದರ ಬೆನ್ನಿಗೇ, ೨೦೦೩ರಲ್ಲಿ, ಭಾರತದ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ, ಕೇಂದ್ರ ಸರ್ಕಾರದ ಧನಸಹಾಯದಿಂದ, ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಕೈಗೊಂಡವು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂಬ ಐದು ಮೂಲ ಶಾಖೆಗಳಲ್ಲಿ ಮೊದಲ ಹಂತದಲ್ಲಿ ಸಿದ್ಧವಾದ ಪಾಠಕ್ರಮಗಳು ೨೩೫. ದೃಶ್ಯರೂಪದ ಒಂದೊಂದು ಪಾಠಕ್ರಮವೂ ಸುಮಾರು ನಲವತ್ತು ಗಂಟೆಗಳದು. ಕರಿಹಲಗೆ, ಸೀಮೆಸುಣ್ಣ, ಎದುರಿಗೆ ಯಾರೂ ಇಲ್ಲದ ಕೊಠಡಿ. ಆಡಂಬರವಿಲ್ಲದ ಈ ಚಿತ್ರೀಕರಣಗಳನ್ನು ನೋಡಿ ನಗುವವರುಂಟು. ಆದರೆ ಇವು ಐ.ಐ.ಟಿ.ಯ ವಿದ್ಯಾರ್ಥಿಗಳಿಗಾಗಿ ಮಾಡಿದವಲ್ಲ. ಅಧ್ಯಾಪಕರ ಕೊರತೆಯಿಂದ ನರಳುತ್ತಿದ್ದ ಇತರ ಕಾಲೇಜುಗಳ ವಿದ್ಯಾರ್ಥಿಗಳಿಗೂ, ಅಲ್ಲಿಯ ಅಧ್ಯಾಪಕರಿಗೂ ಉದ್ದೇಶಿತವಾದವು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಇವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುವರೆಂಬುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ಅಧ್ಯಾಪಕರು ಕೇಳುವರೇ ಎಂದು ವಿದ್ಯಾರ್ಥಿಗಳು ವಿಚಾರಿಸಿದರೆ ನಾವೂ ಹೌದೆನ್ನಬೇಕಾದೀತು! ಕೆಲವು ಪಾಠಗಳ ಬರಹರೂಪ ಈಗ ಕನ್ನಡದಲ್ಲಿಯೂ ದೊರೆಯುತ್ತದೆ.

ಇಲ್ಲಿ ಒಂದು ವೈಚಿತ್ರ್ಯವಿದೆ. ದೇಶದ ಅತ್ಯಂತ ಕಠಿಣವಾದ ಪ್ರವೇಶಪರೀಕ್ಷೆಯ ಹಿಂದೆ ಇದ್ದ ಪಾಠವು ಎಲ್ಲರ ಮನೆಯ ಬಾಗಿಲಿಗೆ ಬಂದಿತು. ಪ್ರವೇಶಪರೀಕ್ಷೆ ಇದ್ದಲ್ಲಿಯೇ ಇದ್ದಿತು. ಕೇಳಲು ಅಡ್ಡಿಯಿಲ್ಲ, ಸೇರಲು ಅವಕಾಶವಿಲ್ಲ. ೨೦೧೪ರಿಂದ ಪ್ರಮಾಣಪತ್ರ ಕೊಡುವ ಏರ್ಪಾಡಾಯಿತು. ಅಲ್ಲಿಯೂ ಪಾಠ ಉಚಿತ, ಪರೀಕ್ಷೆಗೆ ಶುಲ್ಕ. ಸಾಮಾನ್ಯ ಕ್ರಮದಲ್ಲಿ ವಾರವಾರದ ಅಭ್ಯಾಸಗಳಿಗೆ ನೂರಕ್ಕೆ ೨೫, ನಿಯತ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬರೆಯುವ ಪರೀಕ್ಷೆಗೆ ೭೫. ಎಲ್ಲಿ ನಂಬಿಕೆಯ ಪ್ರಶ್ನೆ ಬಂದಿತೋ ಅಲ್ಲಿ ಹಳೆಯ ಮೇಜು ಕುರ್ಚಿಗಳೂ ಮೇಲ್ವಿಚಾರಕರೂ ಮರಳಿ ಬಂದರು.

ಗೆರೆಯನ್ನು ಲೆಕ್ಕಿಸದೆ ನಡೆದುದರ ಫಲವನ್ನೂ ಇತಿಹಾಸ ಕಂಡಿದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು, ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮತಿಯಿಲ್ಲದೆಯೇ, ದೂರಶಿಕ್ಷಣದ ಮೂಲಕ ಎಂಜಿನಿಯರಿಂಗ್ ಪದವಿಗಳನ್ನು ಕೊಡತೊಡಗಿದವು. ಸೇರಿದವರಲ್ಲಿ ನೌಕರಿಯಲ್ಲಿದ್ದುಕೊಂಡೇ ಬಡ್ತಿಯನ್ನು ಬಯಸಿದ ಡಿಪ್ಲೊಮಾದವರೂ ಇದ್ದರು. ೨೦೧೭ರ ನವೆಂಬರ್ ೩ರಂದು ಸುಪ್ರೀಂ ಕೋರ್ಟು ಈ ಪದವಿಗಳನ್ನು ಊರ್ಜಿತವಲ್ಲವೆಂದು ತೀರ್ಪಿತ್ತಿತು. ೨೦೦೧ರಿಂದ ೨೦೦೫ರವರೆಗೆ ಸೇರಿದ್ದವರು ಪರಿಷತ್ತು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಆಜ್ಞೆಯಾಯಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ತೀರ್ಪಿನ ನ್ಯಾಯವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಅಧಿಕಾರವಿಲ್ಲದೆ ಪದವಿ ಕೊಟ್ಟ ಸಂಸ್ಥೆಗಳ ತಪ್ಪಿಗಾಗಿ, ವರ್ಷಗಟ್ಟಲೆ ದುಡಿದ ಮಧ್ಯವಯಸ್ಕರು ಮತ್ತೆ ಪರೀಕ್ಷಾರ್ಥಿಗಳಾಗಬೇಕಾಯಿತೆಂಬುದು ಮರೆಯತಕ್ಕ ಸಂಗತಿಯಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೦ರ ನಿಯಮಾವಳಿಯೂ ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಿಂದಲೂ ಅಂತರ್ಜಾಲಶಿಕ್ಷಣದಿಂದಲೂ ಹೊರಗಿಟ್ಟಿತು. ಇತ್ತ ಅದೇ ಆಯೋಗವು, ೨೦೧೭ರಲ್ಲಿ ಉದ್ಘಾಟಿತವಾದ ಸ್ವಯಂ ಎಂಬ ರಾಷ್ಟ್ರೀಯ ವೇದಿಕೆಯ ಪಾಠಕ್ರಮಗಳಿಗೆ ಕಾಲೇಜಿನ ಲೆಕ್ಕದಲ್ಲಿ ನೂರಕ್ಕೆ ೨೦ರಷ್ಟಿದ್ದ ಮಿತಿಯನ್ನು ೨೦೨೧ರಲ್ಲಿ ೪೦ಕ್ಕೆ ಏರಿಸಿತು. ಇಡೀ ಪದವಿ ಕೂಡದು, ಐದರಲ್ಲಿ ಎರಡು ಪಾಲು ಆಗಬಹುದು! ಈ ಎರಡು ಪಾಲನ್ನು ಬೋಧಿಸುವವರು ಬೇರೆಯವರಾದಾಗ ಸ್ಥಳೀಯ ಅಧ್ಯಾಪಕರ ಸ್ಥಾನವೇನೆಂಬುದು ನಮ್ಮ ವೃತ್ತಿಯವರು ಕೇಳಲೇಬೇಕಾದ ಪ್ರಶ್ನೆ.

ಪದವಿಯೂ ಕೊನೆಗೆ ಸ್ವಲ್ಪ ಕದಲಿತು. ೨೦೨೦ರಲ್ಲಿ ಮದರಾಸಿನ ಐ.ಐ.ಟಿ. ಪ್ರೋಗ್ರಾಮಿಂಗ್ ಮತ್ತು ದತ್ತಾಂಶ ವಿಜ್ಞಾನದಲ್ಲಿ ಅಂತರ್ಜಾಲದ ಮೂಲಕ ಸ್ನಾತಕ ಪದವಿಯನ್ನು ಘೋಷಿಸಿತು. ಜೆ.ಇ.ಇ. ಪರೀಕ್ಷೆಯ ನಿರ್ಬಂಧವಿಲ್ಲ, ಅರ್ಜಿ ಹಾಕಿದವರಿಗೆ ನಾಲ್ಕು ವಾರ ಪಾಠ ಹೇಳಿ, ಅದೇ ಪಾಠದ ಮೇಲೆ ಪರೀಕ್ಷೆ ನಡೆಸಿ ಸೇರಿಸಿಕೊಳ್ಳುವ ಕ್ರಮ. ಆರಿಸಿ ಕಲಿಸುವುದರ ಬದಲು ಕಲಿಸಿ ಆರಿಸುವ ಈ ವಿಪರ್ಯಾಸವೇ, ನಮ್ಮ ಅಭಿಪ್ರಾಯದಲ್ಲಿ, ಯಂತ್ರಸೌಕರ್ಯಕ್ಕಿಂತ ದೊಡ್ಡ ಬದಲಾವಣೆ. ನಡುವೆ ಬಿಡುವವರಿಗೂ ಪ್ರಮಾಣಪತ್ರ, ಡಿಪ್ಲೊಮಾಗಳ ಮೆಟ್ಟಿಲುಗಳುಂಟು. ಪದವಿಯ ಹೆಸರು ಈಗ ಬಿ.ಎಸ್.; ಬಿ.ಟೆಕ್. ಅಲ್ಲ. ಪರೀಕ್ಷೆ ಮಾತ್ರ ಇಲ್ಲಿಯೂ ಕೇಂದ್ರದಲ್ಲಿಯೇ.

೨೦೨೩ರಲ್ಲಿ ಇದೇ ಸಂಸ್ಥೆ ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಪದವಿಯನ್ನು ಇದೇ ರೀತಿಯಲ್ಲಿ ಆರಂಭಿಸಿತು. ಕಂಪ್ಯೂಟರ್ ವಿಷಯಕ್ಕೆ ವಿದ್ಯಾರ್ಥಿಯ ಕೈಯಲ್ಲಿರುವ ಯಂತ್ರವೇ ಪ್ರಯೋಗಶಾಲೆ. ತಂತಿ, ಮಾಪಕ, ಸರ್ಕ್ಯೂಟುಗಳ ವಿಷಯಕ್ಕೆ ಹಾಗಲ್ಲ. ಆದುದರಿಂದ ಈ ಪದವಿಯ ಪ್ರಯೋಗಗಳಿಗಾಗಿ ವಿದ್ಯಾರ್ಥಿಯು ಚೆನ್ನೈಗೆ ಖುದ್ದಾಗಿ ಬರಬೇಕೆಂದು ಗೊತ್ತುಮಾಡಲಾಗಿದೆ. ಬೀದರಿನಲ್ಲಿ ಕುಳಿತು ಪಾಠ ಕೇಳಿದ ನೌಕರನೂ ಅದಕ್ಕಾಗಿ ರಜೆ ಪಡೆದು ರೈಲು ಹತ್ತಬೇಕಾಗುತ್ತದೆ.