ಹಳೆಯ ಪುಸ್ತಕದಂಗಡಿಗಳೂ ನಮ್ಮ ಸೀಮೆಯ ಚರಿತ್ರೆಯೂ

ಸೂರಗೊಂಡನಕೊಪ್ಪದ ಪೂರ್ವಚರಿತ್ರೆಯನ್ನು ತಿಳಿಯಲಿಚ್ಛಿಸುವವನು ಬೆಂಗಳೂರಿನ ಹಳೆಯ ಪುಸ್ತಕದಂಗಡಿಗಳ ಮೆಟ್ಟಿಲನ್ನು ಹತ್ತಬೇಕಾಗುವುದೆಂದರೆ ವಾಚಕ ಮಹಾಶಯರಿಗೆ ಆಶ್ಚರ್ಯವಾಗಬಹುದು. ಆದರೆ ನಮ್ಮ ಸೀಮೆಯನ್ನು ಕುರಿತ ಹಳೆಯ ಗ್ರಂಥಗಳು ನಮ್ಮ ಸೀಮೆಯಲ್ಲಿಯೇ ಉಳಿದಿರುವುದು ಬಹು ವಿರಳ. ಶ್ರೀಮಠದ ಮಹೋತ್ಸವದ ಈ ಸಂಪುಟಕ್ಕೆ ಲೇಖನವನ್ನು ಬರೆಯಲು ಒಪ್ಪಿಕೊಂಡ ಮೇಲೆ ನಾವೂ ಆ ದಾರಿಯನ್ನೇ ಹಿಡಿದೆವು.

ಪೂರ್ವದಲ್ಲಿ ದೊಡ್ಡಪೇಟೆಯೆಂದು ಪ್ರಸಿದ್ಧವಾಗಿದ್ದ ಬೀದಿಯು ೧೮೮೪ರಲ್ಲಿ ಅವೆನ್ಯೂ ರಸ್ತೆಯೆಂಬ ಹೆಸರನ್ನು ಪಡೆಯಿತು. ಇಲ್ಲಿಯ ಪುಸ್ತಕ ವರ್ತಕರ ಮುಖ್ಯ ವ್ಯಾಪಾರವು ಶಾಲಾ ಕಾಲೇಜುಗಳ ಪಠ್ಯಪುಸ್ತಕಗಳದು. ಅವುಗಳ ರಾಶಿಯ ಅಡಿಯಲ್ಲಿ, ಬೆನ್ನು ಕಿತ್ತು ಹುಳು ಹಿಡಿದ ಒಂದೆರಡು ಹಳೆಯ ಪುಸ್ತಕಗಳು ದೊರೆತರೆ ಅದೇ ಭಾಗ್ಯ. ದಂಡಿನ ಪ್ರದೇಶದ ಅಂಗಡಿಗಳ ರೀತಿಯೇ ಬೇರೆ. ಶ್ರೀ ಕೆ. ಬಿ. ಕೆ. ರಾಯರು ೧೯೪೫ರಲ್ಲಿ ಮ್ಯೂಸಿಯಂ ರಸ್ತೆಯಲ್ಲಿ ಸ್ಥಾಪಿಸಿ, ತರುವಾಯ ಬ್ರಿಗೇಡ್ ರಸ್ತೆಯ ಪಕ್ಕದ ಓಣಿಗೆ ಬಂದ ಸೆಲೆಕ್ಟ್ ಪುಸ್ತಕದಂಗಡಿಯು ಅಪೂರ್ವ ಗ್ರಂಥಗಳಿಗಾಗಿಯೇ ಹೆಸರಾದುದು. ಮೊದಲನೆಯ ಕಡೆ ಗಿರಾಕಿಯ ಕಣ್ಣು ಚುರುಕಾಗಿರಬೇಕು. ಎರಡನೆಯ ಕಡೆ ಕೈಯಲ್ಲಿ ಹಣವೂ ಇರಬೇಕು.

ನಾವು ಮುಖ್ಯವಾಗಿ ಅರಸಿದ್ದು ರೈಸ್ ಮಹಾಶಯರ 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟವನ್ನು. ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ದಾವಣಗೆರೆ ಜಿಲ್ಲೆಯ ಶಾಸನಗಳು ಬೇಕೆಂದು ಕೇಳಿದವನಿಗೆ ವರ್ತಕನು ಚಿತ್ರದುರ್ಗದ ಹನ್ನೊಂದನೆಯ ಸಂಪುಟವನ್ನು ತೆಗೆದು ಕೊಡುವನು. ಅದರಲ್ಲಿ ದಾವಣಗೆರೆಯೂ ಜಗಳೂರೂ ಇರುವುವಾದುದರಿಂದ ಅವನ ತಪ್ಪೇನೂ ಇಲ್ಲ. ಆದರೆ ಹೊನ್ನಾಳಿ, ಚನ್ನಗಿರಿಗಳ ಶಾಸನಗಳು ಅದರಲ್ಲಿಲ್ಲ. ಅವು ೧೯೦೨ರಲ್ಲಿ ಅಚ್ಚಾದ ಶಿವಮೊಗ್ಗೆಯ ಸಂಪುಟದಲ್ಲಿವೆ. ದಾವಣಗೆರೆ ಜಿಲ್ಲೆಯು ಹುಟ್ಟಿದ್ದು ೧೯೯೭ರಲ್ಲಿ. ಈಗ ಸೂರಗೊಂಡನಕೊಪ್ಪವು ಸೇರಿರುವ ನ್ಯಾಮತಿ ತಾಲ್ಲೂಕು ಅದಕ್ಕಿಂತಲೂ ಈಚಿನದು. ಹಳೆಯ ಪುಸ್ತಕಕ್ಕೆ ಈ ಹೊಸ ಎಲ್ಲೆಗಳು ತಿಳಿಯವು. ಅದನ್ನು ಹುಡುಕುವವನು ತನ್ನ ಊರು ಆ ಕಾಲದಲ್ಲಿ ಯಾವ ಕಂದಾಯದ ಕಟ್ಟಿಗೆ ಸೇರಿತ್ತೆಂಬುದನ್ನು ಮೊದಲು ಅರಿತಿರಬೇಕು. ಇಂದು ಈ ಸಂಪುಟಗಳನ್ನು ಗಣಕಯಂತ್ರದಲ್ಲಿಯೂ ಓದಬಹುದಾಗಿದೆಯೆಂಬುದು ನಿಜ. ಆದರೂ ಈ ಎಡವಟ್ಟು ಅಲ್ಲಿಯೂ ತಪ್ಪದು.

ಸೂರಗೊಂಡನಕೊಪ್ಪವು ಬಂಜಾರರ ಪೂಜ್ಯ ಸಂತರಾದ ಸೇವಾಲಾಲರ ಜನ್ಮಕ್ಷೇತ್ರವೆಂದು ಪ್ರಖ್ಯಾತವಾಗಿರುವುದಷ್ಟೆ. ಈ ಜನರನ್ನು ಕುರಿತು ಬರೆದ ಪುಸ್ತಕಗಳು ಹಳೆಯ ಅಂಗಡಿಗಳಲ್ಲಿ ಆಗಾಗ್ಗೆ ಕಾಣಸಿಗುತ್ತವೆ: ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನರ ಏಳು ಸಂಪುಟಗಳು, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಇವರ ಮೈಸೂರಿನ ಜಾತಿಗಳ ಸಂಪುಟಗಳು ಮೊದಲಾದುವು. ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ನಾಡೆಲ್ಲ ಸಂಚರಿಸಿದ ಈ ಜನರು ೧೭೯೧-೯೨ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ದವಸ ಒದಗಿಸಿದುದು ಇತಿಹಾಸಪ್ರಸಿದ್ಧ. ಮುಂದೆ ರಸ್ತೆಯೂ ರೈಲೂ ಬಂದು ಅವರ ಕಸುಬು ಕೆಟ್ಟಿತು. ೧೮೭೧ರ ಕಾಯಿದೆಯ ತರುವಾಯ ಅನೇಕ ಕಡೆ ಅವರ ಮೇಲೆ ಅಪರಾಧಿಗಳೆಂಬ ಮುದ್ರೆಯೂ ಬಿದ್ದಿತು. ಆ ಕಾಲದ ಪುಸ್ತಕಗಳನ್ನು ಓದುವಾಗ ಈ ಸಂಗತಿಯನ್ನು ಮರೆಯಲಾಗದು. ಅವು ಹೊರಗಿನವರು ಬರೆದುವು. ತಾಂಡಾದ ಹಿರಿಯರು ಹಾಡಿ ಉಳಿಸಿಕೊಂಡು ಬಂದುದು ಅವುಗಳಲ್ಲಿ ಅಲ್ಪಮಾತ್ರವಾಗಿರುವುದು. ಪುಸ್ತಕವು ಅಪೂರ್ವವಾದುದೆಂಬ ಮಾತ್ರಕ್ಕೆ ಪ್ರಮಾಣವಾಗಲಾರದೆಂದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಸಮಾಜದ ಗ್ರಂಥಗಳ ಮಾತು. ಶ್ರೀ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಬಿದ್ದಿದ್ದ ತಾಡವೋಲೆಗಳನ್ನು ಕೂಡಿಸಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚು ಮಾಡಿಸಿದರು. ತರುವಾಯ ತಮ್ಮ ಮನೆಯನ್ನೇ ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಒಬ್ಬ ವಕೀಲರು ಮನೆ ಮಾರಿ ಅಚ್ಚು ಹಾಕಿಸಿದ ಹಾಳೆಗಳು ರದ್ದಿಯ ತೂಕಕ್ಕೆ ಹೋಗುವುದನ್ನು ಕಂಡರೆ ಯಾರ ಮನಸ್ಸು ನೋಯದು?

ಅವೆನ್ಯೂ ರಸ್ತೆಯ ಕಾಲುದಾರಿಯಲ್ಲಿ ನಮಗೆ ದೊರೆತದ್ದು 'ಶಿವಾನುಭವ'ದ ಬಿಡಿ ಸಂಚಿಕೆಗಳನ್ನು ಕೂಡಿಸಿ ಹೊಲಿದ ಒಂದು ಸಂಪುಟ. ಒಳಗಿನ ಮೊದಲ ಹಾಳೆಯಲ್ಲಿ ಒಂದು ಮಠದ ದುಂಡು ಮುದ್ರೆ. ಅದರ ಕೆಳಗೆ ಓದಲು ಒಯ್ದವರ ಹೆಸರುಗಳು, ನೀಲಿ ಮಸಿಯಲ್ಲಿ, ಒಂದರ ಕೆಳಗೊಂದು. ಕಡೆಯ ಹೆಸರಿನ ಮುಂದೆ ಹಿಂತಿರುಗಿಸಿದ ತೇದಿಯಿಲ್ಲ. ವರ್ತಕನನ್ನು ದೂರಿ ಫಲವೇನು? ಅವನು ತೂಕಕ್ಕೆ ಕೊಂಡು ಹಾಳಾಗದಂತೆ ಇಟ್ಟಿದ್ದರಿಂದಲೇ ಅದು ನಮ್ಮ ಕೈಗೆ ಬಂದಿತು. ಅವನು ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟೆವು.

ಮುಂದಿನ ತಿಂಗಳು ಅದನ್ನು ಆ ಮಠಕ್ಕೇ ಒಯ್ದು ಒಪ್ಪಿಸಿದೆವು. ಅಲ್ಲಿಯವರು ಅತ್ಯಾದರದಿಂದ ಬರಮಾಡಿಕೊಂಡು, ಪ್ರಸಾದವಾದ ಮೇಲೆ ಪುಸ್ತಕಗಳ ಹಳೆಯ ದಾಖಲೆಯನ್ನು ತರಿಸಿ ನೋಡಿದರು. ಆ ಸಂಪುಟವು ಕಪಾಟಿನಲ್ಲಿ ಇರುವುದೆಂದೇ ಅದರಲ್ಲಿ ಬರೆದಿತ್ತು.