ಯಾರು ಯಾರನ್ನ ನೋಡಿ ಬರೆದರು?

ಹಂದನಕೆರೆ ಕಡೆಯವರಿಗೆ ಗೂಳೂರು ಅಂದ್ರೆ ದೊಡ್ಡ ಗಣಪತಿ. ತುಮಕೂರಿನ ಪಕ್ಕದ ಅದೇ ಗೂಳೂರಿನ ಸಿದ್ಧವೀರಣ್ಣೊಡೆಯರು ‘ಶೂನ್ಯಸಂಪಾದನೆ’ ಕಟ್ಟಿದವರು ಅನ್ನೋದು ಅಷ್ಟಾಗಿ ಮಾತಿಗೆ ಬರಲ್ಲ. ಅವರದ್ದು ನಾಲ್ಕನೆಯದು. ಮೊದಲು ಶಿವಗಣಪ್ರಸಾದಿ ಮಹಾದೇವಯ್ಯ, ಆಮೇಲೆ ಹಲಗೆಯಾರ್ಯ, ನಂತರ ಗುಮ್ಮಳಾಪುರದ ಸಿದ್ಧಲಿಂಗ ಯತಿ. 12ನೇ ಶತಮಾನದ ಶರಣರ ವಚನಗಳನ್ನ ಶತಮಾನಗಳೇ ಕಳೆದ ಮೇಲೆ ಜೋಡಿಸಿ, ಅಲ್ಲಮ, ಬಸವಣ್ಣ, ಅಕ್ಕ ಎದುರುಬದುರು ಕೂತು ಮಾತಾಡೋ ಹಾಗೆ ಮಾಡಿದವರು ಇವರು. ಹಿಂದಿನವರದ್ದನ್ನ ಎತ್ತಿಕೊಂಡರು, ತಿದ್ದಿದರು ಕೂಡ.

ಇಂಥ ಅವಳಿ ಬರಹಗಳನ್ನ ಪಕ್ಕಪಕ್ಕ ಇಟ್ಟು ಓದೋದು ಬೈಬಲ್ ವಿದ್ವಾಂಸರಿಗೆ ಹಳೇ ಅಭ್ಯಾಸ. ಹೊಸ ಒಡಂಬಡಿಕೆಯ ಯೂದನ ಪತ್ರಿಕೆ ಬರೀ 25 ವಚನ. (ಹೌದು, ಕನ್ನಡ ಬೈಬಲಿನಲ್ಲೂ ಅವು ‘ವಚನ’ಗಳೇ!) ಅದರ ಬಹುಪಾಲು ಪೇತ್ರನ ಎರಡನೆಯ ಪತ್ರಿಕೆಯಲ್ಲೂ ಸಿಗುತ್ತೆ: ತಪ್ಪು ಮಾಡಿದ ದೇವದೂತರು, ಸೊದೋಮ್ ಊರು, ಬಿಳಾಮ. ಸುಳ್ಳು ಬೋಧಕರು ಯೂದನಿಗೆ ನೀರಿಲ್ಲದ ಮೋಡ, ಪೇತ್ರನ ಪತ್ರಿಕೆಯಲ್ಲಿ ನೀರಿಲ್ಲದ ಬಾವಿ. ತೆಂಗಿನ ಸೀಮೆಯವರಿಗೆ ಎರಡರ ಸಂಕಟವೂ ಗೊತ್ತು. ಹೆಚ್ಚಿನ ವಿದ್ವಾಂಸರು ಯೂದನದೇ ಮೊದಲು ಅಂತಾರೆ. ಯೂದ ಹನೋಕನ ಪ್ರವಾದನೆಯನ್ನ ಹೆಸರು ಹೇಳಿಯೇ ಎತ್ತಿಕೊಳ್ತಾನೆ. ಹನೋಕನ ಗ್ರಂಥ ಮುಂದೆ ಬಹುತೇಕ ಚರ್ಚುಗಳ ಬೈಬಲಿಗೆ ಸೇರಲಿಲ್ಲ. ಪೇತ್ರನ ಪತ್ರಿಕೆಯಲ್ಲಿ ಹನೋಕನ ಹೆಸರೇ ಮಾಯ. ಮುಜುಗರ ತರೋ ಹೆಸರನ್ನ ನಂತರ ಬಂದವನು ಕೈಬಿಡಬಹುದು. ಹುಡುಕಿ ತಂದು ಸೇರಿಸೋದು ಅನುಮಾನ.

ನಮ್ಮಲ್ಲಿ ಗುಟ್ಟು ಬಿಟ್ಟುಕೊಡೋದು ಸೇರಿಸಿದ ಭಾಗ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಸ್ಥಾವರಲಿಂಗದ ಭಕ್ತ. ಕಲ್ಯಾಣದಲ್ಲಿ ಚನ್ನಬಸವಣ್ಣ ಅವನಿಗೆ ಇಷ್ಟಲಿಂಗ ದೀಕ್ಷೆ ಕೊಟ್ಟ ಪ್ರಸಂಗ ಮಹಾದೇವಯ್ಯನಲ್ಲಿ ಇಲ್ಲ. ಗುಮ್ಮಳಾಪುರದ ಯತಿಯಲ್ಲಿ ಇದೆ, ಗೂಳೂರಿನವರಲ್ಲೂ ಇದೆ. ಅಷ್ಟರಲ್ಲಿ ಎಡೆಯೂರು ಸಿದ್ಧಲಿಂಗರ ಶಿಷ್ಯಬಳಗ ಬೆಳೆದಿತ್ತು. ಮೈಮೇಲೆ ಲಿಂಗ ಇಲ್ಲದವನನ್ನ ಶರಣರ ಸಾಲಲ್ಲಿ ಕೂರಿಸೋದು ಅವರಿಗೆ ಕಷ್ಟವಾಗಿದ್ದಿರಬೇಕು. ಇದನ್ನ ಮೋಸ ಅನ್ನೋಕೆ ನನಗೆ ಮನಸ್ಸಿಲ್ಲ. ತಾವು ಪೂಜಿಸೋ ಮನುಷ್ಯನನ್ನ ಅವರು ಒಳಗೆ ಕರಕೊಂಡರು. ಆದರೆ ಹೊರಗೇ ನಿಂತು ದೊಡ್ಡವನಾಗಿದ್ದ ಸಿದ್ಧರಾಮ ಅಲ್ಲಿ ಮರೆಯಾದ.

1965ರಿಂದ 1972ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಗೂಳೂರಿನವರ ಪಾಠವನ್ನೇ. ಕನ್ನಡ ಬಾರದವರು ಅಲ್ಲಿ ಭೇಟಿಯಾಗೋದು ದೀಕ್ಷೆ ಪಡೆದ ಸಿದ್ಧರಾಮನನ್ನ.