ಅಂಚೆಯ ಮತ ಮತ್ತು ಮತಗಟ್ಟೆಯ ಮರೆ

ದಿಲ್ಲಿಯ ದಂಡುಪ್ರದೇಶದಲ್ಲಿ ನೆಲೆಸಿದ ಕೊಡಗಿನ ಯೋಧನೂ ಅದೇ ನಗರದ ಸಚಿವಾಲಯದಲ್ಲಿ ದುಡಿಯುವ ಧಾರವಾಡದ ಗುಮಾಸ್ತನೂ ಸಮಾನವಾಗಿ ಪರಸ್ಥಳದವರೇ. ಆದರೆ ಕರ್ನಾಟಕದಲ್ಲಿ ಚುನಾವಣೆ ನಡೆದಾಗ ಯೋಧನು ತನ್ನ ಹುಟ್ಟೂರಿನ ಕ್ಷೇತ್ರಕ್ಕೆ ಅಂಚೆಯ ಮೂಲಕ ಮತ ಕಳುಹಿಸಬಲ್ಲನು. ಗುಮಾಸ್ತನಿಗೆ ಆ ಅವಕಾಶವಿಲ್ಲ. ಅವನು ದಿಲ್ಲಿಯ ಮತದಾರ. ರಾಜ್ಯವೊಂದು ತನ್ನ ಚುನಾವಣೆಯನ್ನು ಅಂಚೆಯಿಂದಲೇ ನಡೆಸುವುದು ಯುಕ್ತವೇ ಎಂಬ ಪ್ರಶ್ನೆಯನ್ನು ವಿಚಾರಿಸುವವರು ಈ ಭೇದದ ಮೂಲವನ್ನು ಮೊದಲು ಅರಿಯಬೇಕಾಗುತ್ತದೆ.

1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಮತದಾರನನ್ನು ಅವನ ಸಾಮಾನ್ಯ ವಾಸಸ್ಥಳದೊಡನೆ ಕಟ್ಟಿತು. ಊರಿನಲ್ಲಿ ಮನೆಯಿದ್ದ ಮಾತ್ರಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲವೆಂದು ಸ್ಪಷ್ಟವಾಗಿ ನುಡಿಯಿತು. ಸೈನಿಕರು, ಹೊರರಾಜ್ಯದಲ್ಲಿ ಸೇವೆ ಸಲ್ಲಿಸುವ ಸಶಸ್ತ್ರ ಪೊಲೀಸರು, ವಿದೇಶದ ಹುದ್ದೆಗಳಲ್ಲಿರುವ ಕೇಂದ್ರ ಸರ್ಕಾರದ ನೌಕರರು ಮೊದಲಾದವರಿಗೆ ಮಾತ್ರ ವಿನಾಯಿತಿ ದೊರೆಯಿತು. 1951ರ ಕಾಯಿದೆಯ 60ನೆಯ ಕಲಮು ಇಂಥವರ ಅಂಚೆ ಮತಕ್ಕೆ ದಾರಿ ತೆರೆಯಿತು. 1961ರ ನಿಯಮಗಳಲ್ಲಿ ಚುನಾವಣಾ ಕರ್ತವ್ಯದಲ್ಲಿರುವವರೂ ಮುನ್ನೆಚ್ಚರಿಕೆಯ ಬಂಧನದಲ್ಲಿರುವವರೂ ಕಾಣಿಸಿಕೊಂಡರು. ಸರ್ಕಾರದ ಆಜ್ಞೆಯೇ ಇವರಲ್ಲಿ ಬಹುತೇಕರನ್ನು ಮತಗಟ್ಟೆಯಿಂದ ದೂರವಿರಿಸಿತ್ತೆಂಬುದು ಗಮನಾರ್ಹ.

ಈ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. 1951–52ರ ಪ್ರಥಮ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳದೆ, ಇಂಥವರ ಪತ್ನಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ನಿರ್ಣಯ ಕಠಿಣವಾದರೂ ತತ್ತ್ವ ನಿಚ್ಚಳವಾಗಿತ್ತು: ಮತವು ಕುಟುಂಬದ್ದಲ್ಲ, ವ್ಯಕ್ತಿಯದು. ಮತಗಟ್ಟೆಯ ಮರೆಯಲ್ಲಿ ಸೊಸೆಯು ಅತ್ತೆಮಾವಂದಿರ ಕಣ್ಣಿಗೆ ಬೀಳದೆ ತನ್ನ ಇಚ್ಛೆಯಂತೆ ನಡೆಯಬಲ್ಲಳು. ಅಂಚೆಯ ಮತಪತ್ರವಾದರೋ ಒಳಲಕೋಟೆ, ಹೊರಲಕೋಟೆ, ದೃಢೀಕೃತ ಘೋಷಣೆಗಳಿಂದ ದಾರಿಯಲ್ಲಿ ರಕ್ಷಿತವಾಗುತ್ತದೆ. ಮನೆಯೊಳಗೆ ಗುರುತು ಹಾಕುವ ಆ ಕ್ಷಣಕ್ಕೆ ಯಾವ ಲಕೋಟೆಯೂ ಕಾವಲಾಗದು.

ಅನ್ಯದೇಶಗಳ ಅನುಭವ ಏಕಪ್ರಕಾರವಾಗಿಲ್ಲ. ಅಮೆರಿಕದ ಆರೆಗಾನ್ ರಾಜ್ಯವು 1998ರ ಜನಮತದಿಂದ ಅಂಚೆಯ ಚುನಾವಣೆಯನ್ನು ಅಂಗೀಕರಿಸಿ, 2000ದ ಅಧ್ಯಕ್ಷೀಯ ಚುನಾವಣೆಯನ್ನು ಹಾಗೆಯೇ ನಡೆಸಿತು. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಯೊಡನೆ ತಾಳೆನೋಡುವುದು ಅಲ್ಲಿನ ಮುಖ್ಯ ರಕ್ಷೆ. ಫ್ರಾನ್ಸಾದರೋ ಅಕ್ರಮಗಳ ಕಾರಣದಿಂದ 1975ರಲ್ಲಿ ಅಂಚೆ ಮತವನ್ನು ರದ್ದುಗೊಳಿಸಿತು. ಸಹಿಯು ಮತದಾರನಾರೆಂಬುದನ್ನು ತಿಳಿಸೀತು. ಪಕ್ಕದಲ್ಲಿ ಯಾರು ನಿಂತಿದ್ದರೆಂಬುದನ್ನು ತಿಳಿಸಲಾರದು.

ಭಾರತವು ತದನಂತರ ಹಿಡಿದ ಮಾರ್ಗ ಗಮನಕ್ಕೆ ಯೋಗ್ಯವಾದುದು. 2016ರಲ್ಲಿ ಸೇವಾ ಮತದಾರರಿಗೆ ಮತಪತ್ರವನ್ನು ವಿದ್ಯುನ್ಮಾನದ ಮೂಲಕ ಕಳುಹಿಸುವ ಏರ್ಪಾಡಾಯಿತು. ಮರಳುವುದು ಮಾತ್ರ ಅಂಚೆಯಿಂದಲೇ. 2019ರಲ್ಲಿ 80 ವರ್ಷ ಮೀರಿದವರಿಗೂ ಅಂಗವಿಕಲರಿಗೂ ಅಂಚೆ ಮತದ ಸೌಲಭ್ಯ ದೊರೆಯಿತು. 2024ರಲ್ಲಿ ವಯೋಮಿತಿ 85ಕ್ಕೆ ಏರಿತು. ಹೆಸರಿಗೆ ಅಂಚೆಯಾದರೂ ಇಲ್ಲಿ ಅಂಚೆಯವನು ಬರುವುದಿಲ್ಲ. ಅಧಿಕಾರಿಗಳೇ ಮನೆಗೆ ಬಂದು, ಮರೆಯೊಡ್ಡಿ, ಮತ ಪಡೆದು ಹಿಂದಿರುಗುತ್ತಾರೆ. ಕಾಶ್ಮೀರದಿಂದ ವಲಸೆ ಬಂದ ಮತದಾರರಿಗಾಗಿ 2024ರಲ್ಲಿ ದಿಲ್ಲಿಯಲ್ಲೇ ವಿಶೇಷ ಮತಗಟ್ಟೆಗಳಿದ್ದವು. 2022ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗವು ಪ್ರಕಟಿಸಿದ ದೂರಮತಯಂತ್ರದ ಯೋಜನೆಯೂ ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ಮತ ಪಡೆಯುವುದಾಗಿತ್ತು. ಪಕ್ಷಗಳ ಆಕ್ಷೇಪದಿಂದ ಅದು ಮುಂದುವರಿಯಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಬಳಕೆಗೂ ಬರಲಿಲ್ಲ.

ಸೈನಿಕರ ವಿಷಯವೊಂದನ್ನುಳಿದರೆ, ದೂರವನ್ನು ಕಡಿಮೆಮಾಡಲು ಭಾರತವು ಮತಗಟ್ಟೆಯನ್ನೇ ಮತದಾರನ ಬಳಿಗೆ ಒಯ್ಯಲು ಯತ್ನಿಸಿದೆಯಲ್ಲದೆ ಮರೆಯನ್ನು ಬಿಟ್ಟುಕೊಟ್ಟಿಲ್ಲ. ಧಾರವಾಡದ ಗುಮಾಸ್ತನ ಕೊರತೆಯ ಮೂಲವಿರುವುದು ಅಂಚೆಯಲ್ಲಲ್ಲ, ವಾಸಸ್ಥಳದ ನಿಯಮದಲ್ಲಿ. ಆ ನಿಯಮವನ್ನು ಎಂದಾದರೂ ಸಡಿಲಿಸುವುದಾದರೆ, ಅವನ ಕೈಗೆ ಲಕೋಟೆಯನ್ನು ಕೊಡುವುದಕ್ಕಿಂತ ದಿಲ್ಲಿಯಲ್ಲಿ ಕರ್ನಾಟಕದ ಮತಗಟ್ಟೆಯೊಂದನ್ನು ತೆರೆಯುವುದೇ ಲೇಸು. ಏಕೆಂದರೆ ಆ ಮರೆ ಅವನೊಬ್ಬನಿಗಾಗಿ ಮಾತ್ರವಲ್ಲ, ಅವನ ಮನೆಯ ಹೆಣ್ಣುಮಕ್ಕಳಿಗಾಗಿಯೂ ಇರತಕ್ಕದ್ದು.